ಲೆನಿನ್‌ಗ್ರಾಡಿನಲ್ಲಿ ಮಾಮ ಬಿಟ್ಟುಬಂದ ಮಾತು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅವರು ನಮ್ಮ ಮನೆಗೆ ಹಾಡಲು ಬಂದ ಭಾನುವಾರ ಬೂದು ಬಣ್ಣದ ಉಣ್ಣೆ ಟೋಪಿ ಹಾಕಿದ್ದರು ಎಂದು ನನ್ನ ಡೈರಿಯಲ್ಲಿದೆ. ಅವತ್ತಿನ ಫೋಟೊದಲ್ಲಿ ಅವರ ತಲೆ ಬರಿದಾಗಿದೆ, ಟೋಪಿ ಮಡಿಲಲ್ಲೂ ಇಲ್ಲ, ಮೇಜಿನ ಮೇಲೂ ಇಲ್ಲ. ಡೈರಿ ಬರೆದದ್ದು ಕೆಲವು ದಿನ ಬಿಟ್ಟು. ಅಷ್ಟರಲ್ಲಿ ಟೋಪಿ ಹಾಕಿದ್ದು ನನ್ನ ನೆನಪೇ ಇರಬೇಕು, ಅವರಿಗೋ ನನಗೋ ಗೊತ್ತಿಲ್ಲ.

ಅವರು ನನ್ನ ಸೋದರಮಾವನ ಸ್ನೇಹಿತರು. ಸೋವಿಯತ್ ಕಾಲದಲ್ಲಿ ಸರ್ಕಾರದ ಕಣ್ಣು ತಪ್ಪಿಸಿ ರಾಕ್ ಹಾಡುಗಳನ್ನು ಹಾಡುತ್ತಿದ್ದವರು. ಮಾಮ ಆಗ ಲೆನಿನ್‌ಗ್ರಾಡಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ. ಆಮೇಲೆ ದಾವಣಗೆರೆಗೆ ಬಂದು ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತನಾದ. ರಷ್ಯಾ ಹೇಗಿತ್ತು ಎಂದು ಯಾರಾದರೂ ಕೇಳಿದರೆ "ಚಳಿ" ಎಂದು ಹೇಳಿ ಸುಮ್ಮನಾಗುತ್ತಿದ್ದ. ನಾನು ಸಂಶೋಧನೆಗೆಂದು ಸ್ಟಾಕ್‌ಹೋಮಿಗೆ ಬಂದು ಪಕ್ಕದ ಸೋಲ್ನಾದಲ್ಲಿ ಮನೆ ಮಾಡಿದ ಮೇಲೆ ಒಮ್ಮೆ ಫೋನಿನಲ್ಲಿ ತಾನಾಗಿಯೇ ಹೇಳಿದ: "ಅಲ್ಲಿ ನನ್ನ ಫ್ರೆಂಡ್ ಒಬ್ಬ ಬಂದು ಸೇರಿದಾನೆ ಅಂತ ಕೇಳಿದ್ದೆ. ಹುಡುಕು ಅಂತ ಅಲ್ಲ. ಸಿಕ್ಕಿದ್ರೆ ನೋಡು ಅಷ್ಟೆ."

ಹುಡುಕುವುದು ಕಷ್ಟವೇನಲ್ಲ. ಈ ದೇಶದಲ್ಲಿ ಯಾರ ವಿಳಾಸ, ವಯಸ್ಸು, ಫೋನ್ ನಂಬರು ಬೇಕಾದರೂ ಅಂತರ್ಜಾಲದಲ್ಲಿ ಸಿಗುತ್ತದೆ. ನಮ್ಮ ಪ್ರಯೋಗಾಲಯದಲ್ಲಿ ರಷ್ಯಾದ ಒಬ್ಬಳು ಹುಡುಗಿ ಇದ್ದಾಳೆ. ಅವಳಿಗೆ ಹೆಸರು ಹೇಳಿದೆ. ಅವಳು ಕಾಫಿ ಕಪ್ಪನ್ನು ಕೆಳಗಿಟ್ಟಳು. "ಅವರು ಬದುಕಿದ್ದಾರಾ? ನಮ್ಮಪ್ಪನ ಹತ್ತಿರ ಅವರ ಕ್ಯಾಸೆಟ್ ಇತ್ತು!"

ಬದುಕಿದ್ದರು, ಸ್ಯಾಂಡ್‌ವಿಕೆನ್‌ನಲ್ಲಿ. ಉಕ್ಕಿನ ಊರು, ಇಲ್ಲಿಂದ ರೈಲಿನಲ್ಲಿ ಹೋಗಿ ಬರುವುದಕ್ಕೆ ಒಂದು ದಿನ ಮೀಸಲಿಡಬೇಕು. ಅಲ್ಲಿನ ಒಂದು ಶಾಲೆಯ ಬೀಗ, ಬಲ್ಬು, ಹೀಟರುಗಳನ್ನು ನೋಡಿಕೊಳ್ಳುವ ಕೆಲಸ ಮಾಡಿ ನಿವೃತ್ತರಾಗಿದ್ದರು. ನಾನು ಮಾಮನ ಹೆಸರು ಹೇಳಿದಾಗ ಬಾಗಿಲಲ್ಲೇ ನಿಂತು ನನ್ನ ಮುಖವನ್ನು ನೋಡಿದರು. "ಮೂಗು ಅವನದೇ" ಎಂದರು. ನನ್ನ ಮೂಗು ನಮ್ಮಪ್ಪನದು. ಹೇಳಲಿಲ್ಲ.

ಅವರ ಕಥೆಯನ್ನು ನಾನು ಸ್ವೀಡಿಷ್‌ನಲ್ಲಿ ಕೇಳಿದ್ದು. ಅದು ಅವರ ಭಾಷೆಯೂ ಅಲ್ಲ, ನನ್ನದೂ ಅಲ್ಲ. ಆದ್ದರಿಂದ ಇಲ್ಲಿರುವುದನ್ನು ಎರಡು ಸಲ ಸೋಸಿದ್ದು ಎಂದೇ ತಿಳಿಯಬೇಕು. ಹಗಲು ಒಂದು ಬಾಯ್ಲರ್ ಕೋಣೆಯಲ್ಲಿ ಕಲ್ಲಿದ್ದಲು ಹಾಕುತ್ತಿದ್ದರಂತೆ. ಉದ್ಯೋಗವಿಲ್ಲದವರನ್ನು ಪೊಲೀಸರು ಹಿಡಿಯುತ್ತಿದ್ದ ಕಾಲ. ಸಂಜೆ ಯಾರದಾದರೂ ಅಡುಗೆಮನೆಯಲ್ಲಿ ಹಾಡಿನ ಕಛೇರಿ. ಗೋಡೆ ತೆಳು, ಪಕ್ಕದ ಮನೆಯವರು ದೂರು ಕೊಟ್ಟರೆ ಮುಗಿಯಿತು. ಹಾಗಾಗಿ ಡ್ರಮ್ಮಿನ ಬದಲು ಬಟ್ಟೆ ತುಂಬಿದ ಸೂಟ್‌ಕೇಸು, ಕಾಲಿಗೆ ಉಣ್ಣೆಯ ಚಪ್ಪಲಿ. ಹಾಡುವುದು ಪಿಸುಮಾತಿಗಿಂತ ಒಂದು ಮೆಟ್ಟಿಲು ಮೇಲೆ. ವಿದೇಶಿ ವಿದ್ಯಾರ್ಥಿಗಳ ಹತ್ತಿರ ಒಳ್ಳೆಯ ಟೇಪ್ ರೆಕಾರ್ಡರುಗಳು ಇರುತ್ತಿದ್ದವು. ಮಾಮ ತನ್ನದನ್ನು ಹೊತ್ತು ತರುತ್ತಿದ್ದ, ಗುಂಡಿ ಒತ್ತಿ ಕೂರುತ್ತಿದ್ದ. ಮಾಮನನ್ನು ಕೇಳಿದರೆ ರೆಕಾರ್ಡರು ತನ್ನದಲ್ಲ, ಪಕ್ಕದ ರೂಮಿನ ಸುಡಾನಿನವನದು ಎನ್ನುತ್ತಾನೆ. ಇಬ್ಬರಲ್ಲಿ ಯಾರನ್ನು ನಂಬುವುದು? ಆ ಟೇಪುಗಳು ಕೈಯಿಂದ ಕೈಗೆ ಪ್ರತಿಯಾಗಿ ದೇಶವೆಲ್ಲ ಸುತ್ತಿದವು ಎನ್ನುವುದಂತೂ ನಿಜ. ಕ್ಯಾಸೆಟ್ ಇಟ್ಟುಕೊಂಡಿದ್ದ ನನ್ನ ಸಹೋದ್ಯೋಗಿಯ ಅಪ್ಪ ಇದ್ದದ್ದು ಸೈಬೀರಿಯಾದಲ್ಲಿ.

ನಿಷೇಧ ಸಡಿಲವಾದಾಗ ಅವರನ್ನು ದೊಡ್ಡ ಸಭಾಂಗಣಕ್ಕೆ ಕರೆದರಂತೆ. ಸಾವಿರಾರು ಜನ. ಅವರಿಗೆ ಗಟ್ಟಿಯಾಗಿ ಹಾಡಲು ಬರಲಿಲ್ಲ. ಮೈಕು ಎಷ್ಟು ಏರಿಸಿದರೂ ಉಸಿರಿನ ಸದ್ದು ಮಾತ್ರ ದೊಡ್ಡದಾಯಿತು. ಹಿಂದಿನಿಂದ "ಜೋರಾಗಿ! ಜೋರಾಗಿ!" ಎಂದು ಕೂಗಿದರು. ಅರ್ಧದಲ್ಲೇ ಇಳಿದು ಬಂದರು. "ಹೆದರಿಕೆ ಹೋಯಿತು, ಅದು ಕಲಿಸಿದ ದನಿ ಹೋಗಲಿಲ್ಲ" ಎಂದರು. ಆಮೇಲೆ ಸ್ವೀಡಿಷ್ ಹೆಂಡತಿಯ ಜೊತೆ ಇಲ್ಲಿಗೆ ಬಂದರು. ಆಕೆ ಬೇರೆಯಾದರು. ಇವರು ಉಳಿದರು.

ನಮ್ಮ ಮನೆಯಲ್ಲಿ ಹಾಡಿಸುವ ಯೋಚನೆ ಸಹೋದ್ಯೋಗಿಯದು. ಈಚೆಗೆ ರಷ್ಯಾ ಬಿಟ್ಟುಬಂದ ಅವಳ ಗೆಳೆಯರು ಕೆಲವರು, ನನ್ನ ಕನ್ನಡದ ಗೆಳತಿಯರು ಕೆಲವರು. ಬಾಗಿಲಲ್ಲಿ ಬೂಟುಗಳ ರಾಶಿ. ನಾನು ದಾಲ್ಚಿನ್ನಿ ಬನ್ನಿನ ಜೊತೆ ನಮ್ಮೂರಿನ ಹಾಗೆ ಮಂಡಕ್ಕಿ ಕಲಸಿಟ್ಟಿದ್ದೆ. ಅದು ತಪ್ಪಾಯಿತು. ಹಾಡು ಶುರುವಾದಾಗ ಮಂಡಕ್ಕಿ ಅಗಿಯುವ ಸದ್ದೇ ಜೋರಾಗಿ, ಒಬ್ಬೊಬ್ಬರೇ ಬಾಯಿ ಆಡಿಸುವುದನ್ನು ನಿಲ್ಲಿಸಿದರು.

"ಏನೇ ಇದು," ಪಕ್ಕದಲ್ಲಿದ್ದ ಗೆಳತಿ ನನ್ನ ಕಿವಿಯಲ್ಲಿ ಹೇಳಿದಳು. ಇಲ್ಲಿನ ಐಟಿ ಕಂಪನಿಗಳ ಬಡಾವಣೆ ಕಿಸ್ಟಾದಲ್ಲಿ ಕೆಲಸ ಮಾಡುವ ಬೆಂಗಳೂರಿನವಳು. "ನಿಮ್ ರಾಕ್ ಸ್ಟಾರ್ ಲಾಲಿ ಹಾಡ್ತಿದಾರೆ?"

"ಸುಮ್ನಿರೇ."

ಕೊನೆಯ ಹಾಡಿನ ಪಲ್ಲವಿ ಬಂದಾಗ ರಷ್ಯಾದವರೆಲ್ಲ ತುಟಿ ಮಾತ್ರ ಆಡಿಸುತ್ತ ಸೇರಿಕೊಂಡರು. ಬರ್ಚೀನಿ, ಬರ್ಚೀನಿ. ಗೆಳತಿ ನನ್ನ ಮೊಣಕೈ ಹಿಡಿದಳು. "ಏಯ್, ಬರ್ತೀನಿ ಅಂತಿದಾರೆ ಕಣೇ!"

ಹಾಡು ಮುಗಿದ ಮೇಲೆ ಸಹೋದ್ಯೋಗಿಯನ್ನು ಕೇಳಿದೆ, ಆ ಪದ ಏನೆಂದು. ಅದು ಯಾರಿಗೂ ಗೊತ್ತಿಲ್ಲ ಎಂದಳು. ಅವಳಪ್ಪ ಅದು ಹುಡುಗಿಯ ಹೆಸರು ಎಂದು ನಂಬಿದ್ದರಂತೆ. ಅವಳ ಚಿಕ್ಕಪ್ಪ ಉತ್ತರದ ಯಾವುದೋ ಸಣ್ಣ ರೈಲ್ವೆ ಸ್ಟೇಷನ್ ಎಂದು ವಾದಿಸುತ್ತಿದ್ದರಂತೆ.

ಅವರು ಗಿಟಾರನ್ನು ಚೀಲಕ್ಕೆ ಹಾಕುತ್ತ ನಕ್ಕರು. "ನಿನ್ನ ಮಾಮನ ಪದ. ಓದು ಮುಗಿಸಿ ಊರಿಗೆ ಹೋದ ದಿನ, ರೈಲು ಹೊರಡುವಾಗ ಕಿಟಕಿಯಿಂದ ಹೇಳಿದ. ಏನು ಹಾಗಂದರೆ ಎಂದು ಕೂಗಿ ಕೇಳಿದೆ. ನಮ್ಮಲ್ಲಿ ಹೋಗುವಾಗ ಹೇಳುವ ಮಾತು ಅಂದ. ವಿದಾಯ ಅಂತ, ಅಲ್ಲವೆ?"

ಗೆಳತಿ ಇಂಗ್ಲಿಷಿನಲ್ಲಿ ನಗುನಗುತ್ತಲೇ ಹೇಳಿಬಿಟ್ಟಳು. ನಮ್ಮಲ್ಲಿ ಹೋಗ್ತೀನಿ ಅನ್ನಬಾರದು, ಅಪಶಕುನ. ಅದಕ್ಕೇ ಬರ್ತೀನಿ ಅನ್ನುವುದು. ಅಂದರೆ ಬರುತ್ತೇನೆ ಅಂತಲೇ.

ಅವರು ನನ್ನ ಕಡೆ ತಿರುಗಿದರು. "ಯಾರು ಬರುವುದು?"

"ನಾನು," ಎಂದೆ. "ಆ ಪದದ ಕೊನೆಯಲ್ಲೇ 'ನಾನು' ಇದೆ. ಬೇರೆ ಹೇಳಬೇಕಾಗಿಲ್ಲ."

ಸ್ವಲ್ಪ ಹೊತ್ತು ಚೀಲದ ಜಿಪ್ಪು ಹಿಡಿದುಕೊಂಡೇ ಇದ್ದರು. "ನಮ್ಮ ವಿದಾಯದ ಮಾತಿನಲ್ಲೂ 'ಮತ್ತೆ ಕಾಣುವ ತನಕ' ಎಂದಿದೆ. ಯಾರೂ ಅದನ್ನು ನಂಬಿ ಕೂರುವುದಿಲ್ಲ. ಆದರೆ ಅದರಲ್ಲಿ 'ನಾನು' ಇಲ್ಲ."

ಅದು ಬರಿಯ ರೂಢಿ, ಯಾರೂ ಅರ್ಥ ಇಟ್ಟು ಹೇಳುವುದಿಲ್ಲ ಎಂದು ನಾನು ಆಗ ಹೇಳಿದೆನೆ? ಹೇಳಿದ ಹಾಗೆ ನೆನಪು. ಡೈರಿಯಲ್ಲಿ ಇಲ್ಲ. ಗೆಳತಿಯನ್ನು ಕೇಳಿದರೆ "ನೀನು ಬನ್ನು ಕಟ್ಟಿಕೊಡೋಕೆ ಅಡುಗೆಮನೆಗೆ ಹೋದೆ" ಎನ್ನುತ್ತಾಳೆ.

ಹೇಳಿದ್ದರೂ ಅವರು ಅದನ್ನು ಕೇಳಿಸಿಕೊಂಡಿರಲಾರರು. ಆಮೇಲೆ ಫೋನ್ ಮಾಡಿದಾಗೆಲ್ಲ ಅದೇ ಮಾತು. "ಅವನು ಬೇಸಿಗೆಯಲ್ಲೇ ಬರಲಿ. ಚಳಿಗೆ ಹೆದರುತ್ತಾನೆ." ಆ ವರ್ಷ ಅವರ ಶ್ವಾಸಕೋಶದಲ್ಲಿ ಕಾಯಿಲೆ ಇರುವುದು ಗೊತ್ತಾಗಿತ್ತು. ಹೆಚ್ಚು ಸಮಯವಿಲ್ಲವೆಂದು ವೈದ್ಯರು ಅವರಿಗೆ ಹೇಳಿದ್ದರು. ಮಾಮನಿಗೆ ತಿಳಿಸಿದೆ. ಬಿಪಿ ಅಂದ. ಮಂಡಿ ನೋವು ಅಂದ. ವೀಸಾ ಯಾರು ಕೊಡ್ತಾರೆ ಈ ವಯಸ್ಸಿಗೆ ಅಂದ. ಹೋಗಲಿ, ವಿಡಿಯೊದಲ್ಲಿ ಮಾತಾಡು ಎಂದೆ.

"ಭಾಷೆ ಮರೆತುಹೋಗಿದೆ ಕಣಮ್ಮ."

"ಬರೀ ಮುಖ ತೋರಿಸು ಮಾಮ."

"ನೋಡೋಣ." ಆಮೇಲೆ, ಫೋನ್ ಇಡುವ ಹೊತ್ತಿಗೆ: "ಈಗಲೂ ಹಂಗೇ ಮೆಲ್ಲಗೆ ಹಾಡ್ತಾನಾ?"

ಆ ಪ್ರಶ್ನೆಯಿಂದ ನನಗೆ ಧೈರ್ಯ ಬಂದಿತ್ತು. ಅವರನ್ನು ನೋಡಲು ನಾನು ಆಸ್ಪತ್ರೆಗೆ ಹೋದ ಶನಿವಾರ, ಮಾಮ ಒಪ್ಪಿದ ಹೊತ್ತಿಗೇ ಕರೆ ಮಾಡಿದೆ. ಅವರು ತಲೆ ಬಾಚಿಕೊಂಡು, ಬೆನ್ನಿಗೆ ದಿಂಬು ಕೊಟ್ಟು, ನೇರವಾಗಿ ಕೂತಿದ್ದರು. ಫೋನು ರಿಂಗಾಗಿ ನಿಂತಿತು. ಮತ್ತೆ ಮಾಡಿದೆ. ಪರದೆಯಲ್ಲಿ ನಮ್ಮಿಬ್ಬರ ಮುಖಗಳು ಮಾತ್ರ. "ಅಲ್ಲಿ ಈಗ ಎಲ್ಲರೂ ಮಲಗಿರಬೇಕು" ಎಂದರು ಅವರು. ದಾವಣಗೆರೆಯಲ್ಲಿ ಆಗ ಮಧ್ಯಾಹ್ನದ ಊಟದ ಹೊತ್ತು. ನಾನು ಹೌದು ಎಂದೆ.

ಅಕ್ಟೋಬರಿನಲ್ಲಿ ಹೋದರು. ಮಾಮನಿಗೆ ಸುದ್ದಿ ಹೇಳಿದೆ. ನಮ್ಮ ಕಡೆಯವರೆಲ್ಲ ಕೇಳುವುದನ್ನೇ ಅವನೂ ಕೇಳಿದ. "ಎಲ್ಲ ಆಯ್ತಾ? ಎಷ್ಟು ಹೊತ್ತಿಗೆ ಮಾಡಿದ್ರು?"

"ಇನ್ನೂ ಆಗಿಲ್ಲ ಮಾಮ. ಇಲ್ಲಿ ವಾರಗಟ್ಟಲೆ ಬಿಟ್ಟು ಮಾಡ್ತಾರೆ. ಮುಂದಿನ ತಿಂಗಳು."

"ಅಲ್ಲಿತನಕ ಹಂಗೇ ಇಟ್ಟಿರ್ತಾರಾ?"

"ಹೌದು. ದೂರದಿಂದ ಬರೋರಿಗೂ ಸಮಯ ಸಿಗಲಿ ಅಂತ."

ಹಾಗೆ ಹೇಳಬೇಕೆಂದು ಹೇಳಿದ್ದಲ್ಲ. ಇಲ್ಲಿಯವರು ನನಗೆ ಹೇಳಿದ್ದನ್ನೇ ಹೇಳಿದೆ. ಆದರೆ ನಮ್ಮೂರಿನಲ್ಲಿ ಸಾವು ಕೊಡುವ ಒಂದು ಅನುಕೂಲವಿದೆ. ಸಂಜೆಯೊಳಗೆ ಎಲ್ಲ ಮುಗಿದಿರುತ್ತದೆ, ದೂರದವರಿಗೆ "ತಲುಪಲಾಗಲಿಲ್ಲ" ಎನ್ನಬಹುದು. ಈ ದೇಶ ಮಾಮನಿಗೆ ಅದನ್ನೂ ಉಳಿಸಲಿಲ್ಲ. ನಾನು ಆಹ್ವಾನ ಪತ್ರ ಕಳಿಸುತ್ತೇನೆ, ಟಿಕೆಟ್ ನೋಡುತ್ತೇನೆ ಎಂದೆ. ಅತ್ತೆಯನ್ನು ಕೇಳಿ ಹೇಳ್ತೀನಿ ಎಂದ. ಅತ್ತೆ ಹೋಗಿ ಬಾ ಅಂದರಂತೆ, ಅಮ್ಮ ಹೇಳಿದಳು. ಮಾಮ ಆ ಮಾತನ್ನು ಮತ್ತೆ ಎತ್ತಲಿಲ್ಲ.

ನವೆಂಬರಿನ ಒಂದು ಬೆಳಿಗ್ಗೆ ಸ್ಯಾಂಡ್‌ವಿಕೆನ್‌ಗೆ ಹೋದೆ. ಶಾಲೆಯ ಕೆಲವರು, ಸಹೋದ್ಯೋಗಿ, ಅವಳ ಗೆಳೆಯರು. ಇಲ್ಲಿನ ಪದ್ಧತಿಯಂತೆ ಒಬ್ಬೊಬ್ಬರೇ ಶವಪೆಟ್ಟಿಗೆಯ ಹತ್ತಿರ ಹೋಗಿ ಹೂವಿಟ್ಟು, ಬೇಕಾದರೆ ಒಂದು ಮಾತು ಹೇಳಬೇಕು. ನಾನು ಹೂವಿಟ್ಟೆ. ಹೇಳಲು ಕನ್ನಡದಲ್ಲಿ ನನ್ನ ಬಾಯಿಗೆ ಬಂದದ್ದು ಒಂದೇ ಪದ. ಅದನ್ನು ಹೇಳಲಾರದೆ ಬಂದು ಕುಳಿತೆ.

ಆ ಮಧ್ಯಾಹ್ನವೇ, ವಾಪಸ್ಸು ಬರುವ ರೈಲಿನಿಂದ ಮಾಮನಿಗೆ ಫೋನ್ ಮಾಡಿದೆ. ಎಷ್ಟು ಜನ ಬಂದಿದ್ದರು ಎಂದು ಕೇಳಿದ. ಹಾಡು ಹಾಕಿದರಾ ಎಂದು ಕೇಳಿದ. ಹಾಕಿದರು ಎಂದೆ. ಆಗ ನಾನು ಒಂದು ಪ್ರಶ್ನೆ ಕೇಳಿದೆ. ಅವನು "ಸಿಗ್ನಲ್ ಸರಿ ಇಲ್ಲ" ಎಂದ, ನನಗೆ ಅವನ ಉಸಿರು ಕೂಡ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಅದಾದ ಮೇಲೆ ನಾವು ಎಷ್ಟೋ ಸಲ ಮಾತಾಡಿದ್ದೇವೆ, ನನ್ನ ಪ್ರಬಂಧದ ಬಗ್ಗೆ, ಅವನ ಮಂಡಿಯ ಬಗ್ಗೆ. ಈ ಪ್ರಶ್ನೆಯನ್ನು ಮಾತ್ರ ನಾನು ಸರಿಯಾಗಿ ನೆನಪಿಟ್ಟಿದ್ದೇನೆ ಎಂಬ ನಂಬಿಕೆ ನನಗಿದೆ, ಯಾಕೆಂದರೆ ರೈಲಿನಲ್ಲೇ ಬರೆದುಕೊಂಡೆ:

"ಮಾಮ, ಅವತ್ತು ರೈಲು ಹೊರಟಾಗ ನಿನಗೆ ನಿಜವಾಗಲೂ ಅವರ ಹತ್ತಿರ ವಾಪಸ್ಸು ಹೋಗೋ ಮನಸ್ಸಿತ್ತಾ?"