ವಾರಿಜಕ್ಕನ ಒಂದೇ ಏಣಿ

ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ವಾರಿಜಕ್ಕನಿಗೆ ಯಾರಾದರೂ ಎದ್ದು ಸೀಟು ಕೊಡುತ್ತಿದ್ದರು. ಕಣ್ಣು ಮುಚ್ಚಿ ತುಟಿ ಆಡಿಸುವ ಈ ಅಜ್ಜಿ ಜಪ ಮಾಡುತ್ತಿದ್ದಾರೆಂದೇ ಎಲ್ಲರ ನಂಬಿಕೆ. ಅಕ್ಕ ಗುನುಗುತ್ತಿದ್ದದ್ದು ರೊಮೇನಿಯನ್ ಕವಿತೆ. “ಇರಲಿ ಬಿಡು, ಸೀಟು ಸಿಗ್ತದಲ್ಲ,” ಎಂದು ನಗುತ್ತಿದ್ದರು.

ಉಡುಪಿ ಕಡೆಯವರು, ಗೋರೆಗಾಂವ್‌ನಲ್ಲಿ ಒಬ್ಬರೇ ಇದ್ದರು. ಹಡಗು ಕಂಪನಿಯಲ್ಲಿದ್ದಾಗ ಕಲಿತ ಭಾಷೆ ಅದು. ನಿವೃತ್ತಿಯ ನಂತರ ಆ ಭಾಷೆಯ ಒಬ್ಬ ಕವಯಿತ್ರಿಯನ್ನು ಕನ್ನಡಕ್ಕೆ ತರಲು ಕೂತರು. ಆಕೆಯ ಅಪ್ಪನನ್ನು ಒಂದು ಬೆಳಿಗ್ಗೆ ಪೊಲೀಸರು ಕರೆದೊಯ್ದರಂತೆ, ಮತ್ತೆ ಬರಲಿಲ್ಲ. ಕವಿತೆಗಳಲ್ಲಿ ಪೊಲೀಸರೇ ಇಲ್ಲ. ಅಪ್ಪ ಹಣ್ಣು ಕೀಳಲು ಏಣಿ ಹತ್ತಿದ್ದಾರೆ, ಮಗಳು ಬುಡ ಹಿಡಿದು ನಿಂತಿದ್ದಾಳೆ, ಅಷ್ಟೆ. ಮದುವೆ, ಹಿಮ, ಹೆರಿಗೆ, ಏನನ್ನು ಬರೆದರೂ ಆ ಏಣಿ ಅಲ್ಲಿರುತ್ತಿತ್ತು.

ದಾದರ್‌ನ ಮುದ್ರಣಾಲಯದಲ್ಲಿ ಕರಡು ತಿದ್ದುವವಳು ನಾನು. ಒಂದೇ ಪದ ಮತ್ತೆ ಮತ್ತೆ ಕಂಡರೆ ನನ್ನ ಪೆನ್ನು ಸುಮ್ಮನಿರುವುದಿಲ್ಲ. ಒಂದು ಕಡೆ ನಿಚ್ಚಣಿಕೆ, ಇನ್ನೊಂದು ಕಡೆ ಸೋಪಾನ ಎಂದು ಬದಲಿಸಿ, ಕನ್ನಡಕ್ಕೆ ದೊಡ್ಡ ಉಪಕಾರ ಮಾಡಿದೆನೆಂದು ಬೀಗಿದೆ. ವಾರಿಜಕ್ಕ ನೋಡಿ ಕನ್ನಡಕ ತೆಗೆದಿಟ್ಟರು.

“ಅವಳ ಅಪ್ಪ ಹತ್ತಿದ್ದು ಒಂದೇ ಏಣಿ ಮಾರಾಯ್ತಿ. ನೀನು ಮೂರು ಇಟ್ಟಿದ್ದಿ. ಪಾಪ, ಆ ಹುಡುಗಿ ಯಾವುದರ ಬುಡ ಹಿಡ್ಕೊಳ್ಳುವುದು?”

ನನಗೆ ಮುಖ ಎತ್ತಲಾಗಲಿಲ್ಲ. ಇಬ್ಬರೂ ವಡಾಪಾವ್ ತಿನ್ನುತ್ತಾ ಕೂತು, ಪುಟಪುಟದಲ್ಲೂ ಏಣಿಯನ್ನು ಮರಳಿ ನಿಲ್ಲಿಸಿದೆವು. ಅವರು ನನಗೆ ಅಚ್ಚುಮೆಚ್ಚಾದದ್ದು ಆ ಮಧ್ಯಾಹ್ನವೇ.

ಆದರೆ ಕೊನೆಯ ಕವಿತೆಯನ್ನು ಮಾತ್ರ ಅವರು ಅನುವಾದಿಸಲೇ ಇಲ್ಲ. ಅದರಲ್ಲಿ, ವಯಸ್ಸಾದ ಮಗಳು ಏಣಿಯಿಂದ ಕೈ ತೆಗೆದು ಮನೆಗೆ ಹೊರಡುತ್ತಾಳೆ. ಅದಿಲ್ಲದೆ ಪುಸ್ತಕ ಪೂರ್ಣವಾಗುವುದಿಲ್ಲವೆಂದು ನಾನು ಎಷ್ಟು ಗೋಗರೆದರೂ ಒಂದೇ ಉತ್ತರ: “ಅಪ್ಪ ಇನ್ನೂ ಮೇಲಿದ್ದಾರೆ. ಅವಳ ಹಿಡಿತವನ್ನು ನನ್ನ ಕೈಯಾರೆ ಹೇಗೆ ಬಿಡಿಸಲಿ?” ಅಷ್ಟರಲ್ಲಿ ಅವರಿಗೆ ಕಾಯಿಲೆ ಬಂತು. ಪುಸ್ತಕ ಅರ್ಧಕ್ಕೇ ನಿಂತುಹೋಗುತ್ತದೆಂದು ನಾನು ಹೆದರಿದೆ.

ಅಂಧೇರಿಯ ಆಸ್ಪತ್ರೆಯಲ್ಲಿ ಒಂದು ಸಂಜೆ ಅವರೇ ಕೇಳಿದರು, “ಪೆನ್ನು ಉಂಟಾ? ಬರ್ಕೋ.” ಸಣ್ಣ ಸ್ವರದಲ್ಲಿ ಸಾಲುಸಾಲಾಗಿ ಹೇಳುತ್ತಾ ಹೋದರು. ಕೊನೆಯ ಸಾಲಿಗೆ ಬಂದು ನಿಲ್ಲಿಸಿದರು.

“ಅವಳು ‘ಅಪ್ಪಾ, ಹೋಗ್ತೇನೆ’ ಅಂತ ಬರೆದಿದ್ದಾಳೆ. ಇಷ್ಟು ದಿನ ಅಲ್ಲೇ ಸಿಕ್ಕಿಬಿದ್ದಿದ್ದೆ. ನಮ್ಮಲ್ಲಿ ಮನೆಯವರಿಗೆ ಯಾರಾದ್ರೂ ಹಾಗೆ ಹೇಳ್ತಾರಾ? ‘ಬರ್ತೇನೆ’ ಅಂತ ಬರಿ.”

ಬರೆದೆ. ಅಕ್ಷರ ಮಂಜಾಗಿ ಕಾಣುತ್ತಿತ್ತು. ಹೊರಡುವಾಗ ನಾನೂ ಅದನ್ನೇ ಹೇಳಿದೆ. ಅವರು ತಲೆಯಾಡಿಸಿದರು.

ಹೇಳಿದಂತೆ ಮರುದಿನ ಆ ಪುಟದ ಕರಡು ಹಿಡಿದು ಹೋದೆ. ಹಾಸಿಗೆ ಖಾಲಿಯಾಗಿತ್ತು.