ಮಾಸ್ಟರ್ ಹಾಕಿದ ಕೊನೆಯ ಬ್ಯಾಸ್ಕೆಟ್

ಮೊನ್ನೆ ಹೊಸ ಜೀನ್ಸ್ ಬಟ್ಟೆಯ ಥಾನು ಬಿಚ್ಚಿದೆವು. ಗಂಜಿಯೂ ನೀಲಿ ಬಣ್ಣವೂ ಸೇರಿದ ಆ ವಾಸನೆಗೆ ಹೊರಗಿನವರು ಮೂಗು ಮುಚ್ಚಿಕೊಳ್ಳುತ್ತಾರೆ. ಬಳ್ಳಾರಿಯಲ್ಲಿ ಪ್ಯಾಂಟ್ ಹೊಲಿಸಿ ಹೊಟ್ಟೆ ಹೊರೆಯುವ ನನ್ನಂಥವಳಿಗೆ ಅದು ಅಡುಗೆಮನೆಯ ವಾಸನೆ ಇದ್ದ ಹಾಗೆ, ದಿನಾ ಇರುತ್ತದೆ, ದಿನಾ ಗಮನಕ್ಕೆ ಬರುವುದಿಲ್ಲ. ಮೊನ್ನೆ ಮಾತ್ರ ಏನಾಯಿತೋ, ಬಟ್ಟೆ ಹಾಸುವಾಗ ಮಾಸ್ಟರ್ ಪಕ್ಕದಲ್ಲೇ ನಿಂತು ಗಂಟಲು ಸರಿಮಾಡಿಕೊಂಡಂತಾಯಿತು. ಕೆಲಸ ಬಿಟ್ಟು ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ...

ಅವರು ನಮ್ಮ ಗಾಂಧಿನಗರದ ಯೂನಿಟ್ಟಿನ ಕಟಿಂಗ್ ಮಾಸ್ಟರ್ ಆಗಿದ್ದರು. ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕರೆಂಟಿನ ಮಷಿನ್ನಿನಿಂದ ಕತ್ತರಿಸುವ ಕೆಲಸ. ಅಪ್ಪನ ಕಾಲದಿಂದ ಇದ್ದವರು. ಅಪ್ಪ ಹೋಗಿ ಯೂನಿಟ್ಟು ನನ್ನ ತಲೆಗೆ ಬಂದಾಗ, ಹೆಂಗಸಿನ ಕೈಕೆಳಗೆ ದುಡಿಯುವುದಿಲ್ಲ ಎಂದು ಕೆಲವರು ಎದ್ದುಹೋದರು. ಮಾಸ್ಟರ್ ಉಳಿದರು. ಹರೆಯದಲ್ಲಿ ಜಿಲ್ಲೆಯ ತಂಡಕ್ಕೆ ಬ್ಯಾಸ್ಕೆಟ್‌ಬಾಲ್ ಆಡಿದ್ದರಂತೆ. ಐವತ್ತರ ಹತ್ತಿರ ಬಂದು ಗಡ್ಡ ಬೆಳ್ಳಗಾದರೂ ನಮ್ಮ ಬಡಾವಣೆಯ ಕ್ಲಬ್ಬಿಗೆ ಆಡುತ್ತಲೇ ಇದ್ದರು. ಕೋರ್ಟಿನಲ್ಲಿ ಓಡುತ್ತಿರಲಿಲ್ಲ, ನಡೆಯುತ್ತಿದ್ದರು. ಆದರೆ ಚೆಂಡು ಎಲ್ಲಿಗೆ ಬರಬೇಕೋ ಅಲ್ಲಿ ಮೊದಲೇ ಹೋಗಿ ನಿಂತಿರುತ್ತಿದ್ದರು.

ಅಮೆರಿಕದ ಪಂದ್ಯಗಳು ನಮಗೆ ಬೆಳಗಿನ ಹೊತ್ತು ಬರುತ್ತಿದ್ದವು. ಹೊಲಿಗೆಯ ಹೆಣ್ಣುಮಕ್ಕಳು ಬರುವ ಮುಂಚೆ ಯೂನಿಟ್ಟಿನ ಟಿವಿ ಮುಂದೆ ನಾವು ಮೂವರು ಕೂರುತ್ತಿದ್ದೆವು. ಮಾಸ್ಟರ್, ನಾನು, ಮತ್ತು ಎದುರು ಮನೆಯ ವಕೀಲರು. ಕ್ಲಬ್ಬಿನ ಮ್ಯಾನೇಜರ್ ಕೂಡ ವಕೀಲರೇ. ನಾನೂ ಕಾಲೇಜಿನಲ್ಲಿ ಆಡಿದವಳು, ಹಾಗಾಗಿ ನನಗೂ ಬಾಯಿ ಇತ್ತು. ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಜ್ಜಿಯ ಪೊಟ್ಟಣ ಬಿಚ್ಚಿಟ್ಟುಕೊಂಡು ಜಗಳ ಶುರು ಹಚ್ಚಿದರೆ ಮಿರ್ಚಿ ಆರಿ ತಣ್ಣಗಾದರೂ ಜಗಳ ಆರುತ್ತಿರಲಿಲ್ಲ. ವಕೀಲರು ಸೋಲುವ ಹಾಗೆ ಕಂಡರೆ ತೆಲುಗಿಗೆ ಹಾರುತ್ತಿದ್ದರು.

ಅಲ್ಲೊಬ್ಬ ದೊಡ್ಡ ಆಟಗಾರ ಆಗಲೇ ಮುದುಕನಾಗುತ್ತ ಬಂದಿದ್ದ. ಮಾಸ್ಟರ್‌ಗೆ ಅವನೆಂದರೆ ಪ್ರಾಣ. ಸೀಸನ್ನಿನ ಕೊನೆಗೆ, ಗೆದ್ದರೂ ಸೋತರೂ ಲೆಕ್ಕಕ್ಕೆ ಬಾರದ ಪಂದ್ಯಗಳಲ್ಲಿ ಅವನನ್ನು ಆಡಿಸದೆ ಸುಮ್ಮನೆ ಕೂರಿಸುತ್ತಿದ್ದರು.

"ಏನ್ ಮಾಸ್ಟರ್, ನಿಮ್ಮ ಮುದುಕ ಇವತ್ತೂ ಕೋಟ್ ಹಾಕ್ಕೊಂಡು ಕುಂತಾನಲ್ರಿ. ಮದುವಿಗೆ ಬಂದಾನೇನು?" ಎಂದು ವಕೀಲರು ಕೆಣಕಿದರು.

"ಅವನ್ನ ನೋಡಾಕಂತ ಟಿಕೀಟ್ ತಗೊಂಡು ಬಂದೋರ ಗತಿ ಏನ್ರಿ? ಕೊನಿ ಮ್ಯಾಚ್ ಅಂದ್ರ ಅದೂ ಮ್ಯಾಚ ಅಲ್ಲೇನು?" ಎಂದರು ಮಾಸ್ಟರ್.

"ಮರ್ಯಾದಿಲೆ ಬಿಟ್ಟು ಹೋಗಾಕ ಏನ್ ರೋಗ ಅವಗ?" ಎಂದು ನಾನೂ ಸೇರಿಸಿದೆ.

ಮಾಸ್ಟರ್‌ಗೆ ಸಿಟ್ಟು ಬಂದಾಗ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. "ಕಾಲು ಹೋದ್ರ ಹೋಗ್ಲಿ ತಂಗೀ, ತಲಿ ಐತಲ್ಲ. ಬರೇ ಕಾಲಿಂದ ಆಡೋರು ಮೂವತ್ತಕ್ಕ ಮುಗೀತಾರ. ತಲಿಯಿಂದ ಆಡೋನ್ನ ಎಬ್ಬಸಾಕ ಯಾರ ಕೈಲೂ ಆಗಂಗಿಲ್ಲ."

ಅದೇ ವರ್ಷ ಸಿರುಗುಪ್ಪದಲ್ಲಿ ಟೂರ್ನಿ ನಡೆಯಿತು. ಲೀಗಿನ ಕೊನೆಯ ಪಂದ್ಯ ನಮಗೂ ಕುರುಗೋಡಿನವರಿಗೂ ಬಿತ್ತು. ನಾವು ಆಗಲೇ ಮುಂದಿನ ಸುತ್ತಿಗೆ ಹೋಗಿಯಾಗಿತ್ತು, ಸೋತರೂ ನಷ್ಟವಿರಲಿಲ್ಲ. ಕುರುಗೋಡಿನವರು ಗೆದ್ದರೆ ಮಾತ್ರ ಉಳಿಯುತ್ತಿದ್ದರು. ಅವರ ಕೋಚ್ ಮಾಸ್ಟರ್ ಹೆಂಡತಿಯ, ನಾನು ಭಾಬಿ ಎಂದು ಕರೆಯುವವಳ, ಖಾಸಾ ತಮ್ಮ. ಬೆಳಗಿನಿಂದಲೇ ಜನ ಕಣ್ಣು ಮಿಟುಕಿಸಿ ಮಾತಾಡುತ್ತಿದ್ದರು, ಇವತ್ತು ಭಾವ ಬಾಮೈದನಿಗೆ ಉಡುಗೊರೆ ಕೊಡುತ್ತಾರೆ ಎಂದು. ವಕೀಲರು ಮಾಸ್ಟರ್‌ನ ಕೂರಿಸೋಣ ಎಂದರು. ಮಾಸ್ಟರ್ ಕೇಳಲಿಲ್ಲ.

ಮೊದಲರ್ಧ ಚೆಂದ ಆಡಿದರು. ಬ್ಯಾಸ್ಕೆಟ್‌ಬಾಲ್ ಗೊತ್ತಿಲ್ಲದವರಿಗೆ ಒಂದು ಮಾತು: ಅರ್ಧ ಆಟ ಮುಗಿದ ಮೇಲೆ ತಂಡಗಳು ಬದಿ ಬದಲಾಯಿಸುತ್ತವೆ. ಅಲ್ಲಿಯವರೆಗೆ ಚೆಂಡು ಹಾಕುತ್ತಿದ್ದ ಬ್ಯಾಸ್ಕೆಟ್ಟನ್ನೇ ಆಮೇಲೆ ಕಾಯಬೇಕು. ಆಟ ಮುಗಿಯಲು ಇನ್ನೇನು ಕೆಲವೇ ಸೆಕೆಂಡು, ನಾವು ಒಂದು ಪಾಯಿಂಟ್ ಮುಂದಿದ್ದೆವು. ಕುರುಗೋಡಿನ ಹುಡುಗ ಎಸೆದದ್ದು ರಿಂಗಿಗೆ ಬಡಿದು ಹಾರಿತು, ಮಾಸ್ಟರ್ ಹಿಡಿದರು. ಹಿಡಿದು ಗಟ್ಟಿಯಾಗಿ ನಿಂತಿದ್ದರೆ ಸಾಕಿತ್ತು, ಪಂದ್ಯ ನಮ್ಮದು. ಅವರು ತಿರುಗಿದರು. ಎರಡು ಹೆಜ್ಜೆ ಇಟ್ಟು, ಯಾರೂ ಅಡ್ಡ ಇಲ್ಲದ ನಮ್ಮದೇ ಬ್ಯಾಸ್ಕೆಟ್ಟಿಗೆ, ಮಗುವನ್ನು ತೊಟ್ಟಿಲಿಗೆ ಹಾಕುವಂತೆ ಚೆಂಡನ್ನು ಮೆತ್ತಗೆ ಹಾಕಿಬಿಟ್ಟರು. ಹಾಕಿ, ನಗುತ್ತ, ಶಹಬ್ಬಾಸ್‌ಗಿರಿಗೆ ನಮ್ಮ ಕಡೆ ನೋಡಿದರು.

ಆಮೇಲೆ ಎದ್ದಿತು ನೋಡಿ ಗದ್ದಲ, ಯಾರು ಯಾರನ್ನು ಬಯ್ಯುತ್ತಿದ್ದಾರೆ ಎಂದೇ ತಿಳಿಯಲಿಲ್ಲ.

ವಕೀಲರು ರೆಫ್ರಿಯ ಹತ್ತಿರ ಓಡಿದರು. ನಿಯಮ ಹೀಗಿದೆ. ಆಟಗಾರ ತಪ್ಪಿ ತನ್ನ ಬ್ಯಾಸ್ಕೆಟ್ಟಿಗೇ ಹಾಕಿದರೆ ಪಾಯಿಂಟು ಎದುರಾಳಿಗೆ ಹೋಗುತ್ತದೆ. ಬೇಕಂತ ಹಾಕಿದರೆ ಅದು ಲೆಕ್ಕಕ್ಕೇ ಇಲ್ಲ. ತಪ್ಪಿ ಹಾಕಿದ್ದು ಎಂದಾದರೆ ಕುರುಗೋಡು ಗೆದ್ದಂತೆ, ಬೇಕಂತ ಎಂದಾದರೆ ನಾವು. ರೆಫ್ರಿ ಎಳೆ ವಯಸ್ಸಿನವನು, ಮಾಸ್ಟರ್‌ನ ಆಟ ನೋಡಿ ಬೆಳೆದವನು. ತೀರ್ಪು ಕೊಡಲು ಅವನಿಗೆ ಬಾಯಿ ಬರಲಿಲ್ಲ. ಹತ್ತಿರ ಹೋಗಿ ಕೇಳಿದ.

"ಮಾಸ್ಟರ್, ನೀವ ಹೇಳ್ರಿ. ಏನಾತು?"

ಮಾಸ್ಟರ್ ಈ ಬ್ಯಾಸ್ಕೆಟ್ ನೋಡಿದರು, ಆ ಬ್ಯಾಸ್ಕೆಟ್ ನೋಡಿದರು. ಪಾಯಿಂಟಿನ ಬೋರ್ಡ್ ನೋಡಿದರು. ಅವರ ಮುಖದಿಂದ ನಗು ಇಳಿದುಹೋದದ್ದು ನನಗೆ ಅಷ್ಟು ದೂರದಿಂದಲೂ ಕಂಡಿತು.

"ಬೇಕಂತನ ಹಾಕೀನಿ," ಎಂದರು.

ನನಗೆ ನನ್ನ ಕಿವಿಯ ಮೇಲೇ ನಂಬಿಕೆ ಬರಲಿಲ್ಲ. ರೆಫ್ರಿ ಮತ್ತೊಮ್ಮೆ ಕೇಳಿದ. ಮತ್ತೊಮ್ಮೆ ಅದನ್ನೇ ಹೇಳಿದರು. ಪಾಯಿಂಟು ರದ್ದಾಯಿತು, ಚೆಂಡು ಕುರುಗೋಡಿನವರಿಗೆ ಹೋಯಿತು, ಅವರು ಎಸೆದದ್ದು ಬೀಳಲಿಲ್ಲ, ನಾವು ಗೆದ್ದೆವು. ಗೆದ್ದವರಲ್ಲಿ ಒಬ್ಬನೂ ಚಪ್ಪಾಳೆ ಹೊಡೆಯಲಿಲ್ಲ. ರೊಕ್ಕ ತಿಂದಾನ, ಮ್ಯಾಚ್ ಮಾರ್ಕೊಂಡಾನ ಎಂದು ಸುತ್ತಲೂ ಕೂಗು. ಭಾಬಿಯ ತಮ್ಮ ಬಂದು ಎದುರು ನಿಂತು, "ನಾ ಕೇಳಿದ್ನೇನ್ ಭಾಯಿ ನಿಮ್ಮನ್ನ? ನನ್ನ ಹೆಸರಿಗೂ ಮಸಿ ಬಳದ್ರಿ. ಇನ್ನ ನಮ್ಮ ಮನಿ ಹೊಸ್ತಲಾ ತುಳೀಬ್ಯಾಡ್ರಿ," ಎಂದು ಹೋದ. ವಾಪಸು ಬರುವಾಗ ತೆಕ್ಕಲಕೋಟೆಯಲ್ಲಿ ಚಹಾಕ್ಕೆ ನಿಂತರೆ ನಮ್ಮ ತಂಡದವರು ಮಾಸ್ಟರ್ ಕೂತ ಬೆಂಚಿನಿಂದ ಎದ್ದು ಬೇರೆ ಕಡೆ ಹೋಗಿ ಕೂತರು. ನಾನೂ ಅತ್ತ ಹೋಗಲಿಲ್ಲ. ಅಷ್ಟು ಸಿಟ್ಟು ನನಗೆ.

ಕ್ಲಬ್ಬು ಅವರನ್ನು ತೆಗೆದುಹಾಕಿತು. ಕೆಲಸಕ್ಕೆ ಬರುತ್ತಿದ್ದರು, ತಲೆ ತಗ್ಗಿಸಿ ಬಟ್ಟೆ ಹಾಸುತ್ತಿದ್ದರು. ಬೆಳಗಿನ ಟಿವಿ ಹತ್ತಿರ ಸುಳಿಯಲಿಲ್ಲ. ಹೀಗೇ ಒಂದು ಬೆಳಿಗ್ಗೆ ವಕೀಲರು ಮಿರ್ಚಿ ಕೈಯಲ್ಲಿ ಹಿಡಿದು ಅದನ್ನೇ ದಿಟ್ಟಿಸುತ್ತ ಕೂತಿದ್ದರು.

"ಅಕ್ಕಾರ, ಇದರಾಗ ಏನೋ ಕೂಡವಲ್ದು. ಕುರುಗೋಡಿನೋರ್ನ ಗೆಲ್ಲಸಾಕಂತ ಹಾಕಿದ್ರ, ತಪ್ಪಿ ಬಿತ್ತು ಅಂತಿದ್ರು. ಅಂದಿದ್ರ ಅವರು ಗೆಲ್ತಿದ್ರು, ಇವರ ಮ್ಯಾಲೆ ಮಾತೂ ಬರ್ತಿದ್ದಿಲ್ಲ. ಬೇಕಂತ ಹಾಕಿದೋನು ಬೇಕಂತ ಹಾಕೀನಿ ಅಂತ ಯಾಕ ಹೇಳ್ತಾನ್ರಿ?"

ನಾನು ಎದ್ದೆ. ಕಟಿಂಗ್ ಟೇಬಲ್ ಕಡೆ ಹೋದೆ. ಮಾಸ್ಟರ್ ಸೀಮೆಸುಣ್ಣ ಹಿಡಿದು ನಿಂತಿದ್ದರು. ಅವರ ಮುಂದೆ ಕತ್ತರಿಸಿದ ಬಟ್ಟೆಯ ರಾಶಿ ಇತ್ತು, ಎಲ್ಲವೂ ಎಡಗಾಲಿನವು. ಬಲಗಾಲಿನದು ಒಂದೂ ಇಲ್ಲ. ಅಷ್ಟು ವರ್ಷ ಕಣ್ಣು ಮುಚ್ಚಿ ಕತ್ತರಿಸಿದ ಕೈ ಅದು. ಅವರು ಒಂದು ತುಂಡನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದರು, ಮತ್ತೆ ತಿರುಗಿಸಿ ನೋಡುತ್ತಿದ್ದರು... ನನ್ನನ್ನು ಕಂಡು ಗಕ್ಕನೆ ಕೆಳಗಿಟ್ಟರು.

ಮಧ್ಯಾಹ್ನ ಕಂಟೋನ್ಮೆಂಟಿನ ಅವರ ಮನೆಗೆ ಹೋದೆ. ಭಾಬಿ ಅಕ್ಕಿ ಆರಿಸುತ್ತಿದ್ದಳು. ನಾನು ಕೇಳಿದ ಕೂಡಲೇ ಮೊರ ಕೆಳಗಿಟ್ಟು ಅತ್ತಳು.

"ಭಾಳ ದಿನ ಆತು ತಂಗೀ. ಬಚ್ಚಲ ಯಾವ ಕಡಿ ಅಂತ ಕೇಳ್ತಾರ. ಮನಿ ಮುಂದ ನಿಂತು ಮನಿ ಹುಡುಕ್ತಾರ. ಯಾರ ಮುಂದೂ ಬಾಯಿ ಬಿಡಬ್ಯಾಡ ಅಂತ ಕಸಮ್ ಹಾಕ್ಯಾರ ನನಗ. ಅವತ್ತ ಬಂದು ಏನಂದ್ರು ಗೊತ್ತೇನು? ಕಳ್ಳ ಅಂದ್ರ ಅನ್ಲಿ, ತಲಿ ಕೆಟ್ಟೋನು ಅನಬಾರದು. ತಲಿ ಕೆಟ್ಟೋನ ಕೈಯಾಗ ಮಷಿನ್ ಯಾರ್ ಕೊಡ್ತಾರ ಅಂದ್ರು."

ಬದಿ ಮರೆತು ಹಾಕಿದೆ ಎಂದಿದ್ದರೆ ನಾವೆಲ್ಲ ನಕ್ಕು ಬಿಟ್ಟುಬಿಡುತ್ತಿದ್ದೆವು. ಎಂಥೆಂಥವರಿಗೋ ಆಗುವ ತಪ್ಪು. ಆದರೆ ಅದು ಒಂದು ದಿನದ ತಪ್ಪಲ್ಲ ಎಂದು ಅವರಿಗೊಬ್ಬರಿಗೆ ಗೊತ್ತಿತ್ತಲ್ಲ. ಇಡೀ ಮೈದಾನದ ಮುಂದೆ, ಆ ಒಂದು ಗಳಿಗೆಯಲ್ಲಿ, ಕಳ್ಳನಾಗುವುದನ್ನೇ ಆರಿಸಿಕೊಂಡಿದ್ದರು. ನನಗೆ ಇವತ್ತಿಗೂ ಅದನ್ನು ಅರಗಿಸಿಕೊಳ್ಳಲು ಆಗಿಲ್ಲ.

ಮಷಿನ್ನಿಗೆ ಬೇರೆಯವರನ್ನು ಹಾಕಿದೆ. ಮಾಸ್ಟರ್‌ಗೆ ಬಟ್ಟೆ ತಪಾಸಣೆಯ ಕೆಲಸ ಕೊಟ್ಟು, ಸಂಬಳ ಅಷ್ಟೇ ಎಂದೆ. ಅವರು ನನ್ನ ಮುಖ ನೋಡಿ ಎಲ್ಲ ತಿಳಿದುಕೊಂಡರು. ನನ್ನಿಂದ ವಿಷಯ ತಿಳಿದ ವಕೀಲರು ಟೂರ್ನಿಯವರ ಹತ್ತಿರ ಹೋಗಿ ಹೆಸರು ಸರಿಮಾಡಿಸುತ್ತೇನೆ ಎಂದಾಗ, ಮಾಸ್ಟರ್ ಕೈಮುಗಿದು ಬೇಡ ಎಂದರು. ನಮ್ಮಿಬ್ಬರ ಬಾಯಿಗೂ ಬೀಗ ಬಿತ್ತು. ಸ್ವಲ್ಪ ದಿನಕ್ಕೆ ಅವರು ಬರುವುದೂ ನಿಂತಿತು. ಡಾಕ್ಟರು ಕಾಯಿಲೆಗೆ ಉದ್ದನೆಯ ಹೆಸರು ಹೇಳಿದರು, ಔಷಧಿ ಮಾತ್ರ ಇಲ್ಲ ಎಂದರು.

ಆಮೇಲಿನ ವರ್ಷಗಳಲ್ಲಿ ಒಂದೊಂದೇ ಹೋಯಿತು... ನನ್ನ ಗುರುತು ಹೋಯಿತು. ಅಮೆರಿಕದ ಆ ಆಟಗಾರನ ಹೆಸರು ಹೋಯಿತು. ಕೊನೆಗೆ ಭಾಬಿಯನ್ನೇ ಅಮ್ಮಾ ಎಂದು ಕರೆಯತೊಡಗಿದರು. ಇನ್ನು ತಡೆಯಲಾರದೆ ಅವಳು ಕಸಮ್ ಮುರಿದು ತಮ್ಮನಿಗೆ ಹೇಳಿ ಕಳಿಸಿದಳು. ಅವನು ಕುರುಗೋಡಿನಿಂದ ಹೇಗಿದ್ದನೋ ಹಾಗೇ ಓಡಿಬಂದ. ಅವತ್ತು ನಾನೂ ಅಲ್ಲಿದ್ದೆ.

ಹಾಸಿಗೆಯಲ್ಲಿ ಕೂತಿದ್ದ ಮಾಸ್ಟರ್ ಅವನನ್ನು ಕಂಡದ್ದೇ ತಡ, ಎರಡೂ ಕೈ ಹಿಡಿದುಕೊಂಡರು. ಹೆಂಡತಿಯ ಗುರುತಿಲ್ಲದವರಿಗೆ ಇವನ ಗುರುತು ಹತ್ತಿತ್ತು.

"ಮಾಫ್ ಮಾಡಪ. ರೊಕ್ಕ ತಿಂದು ಮ್ಯಾಚ್ ಮಾರೀನಿ ನಾನು. ಬೇಕಂತನ ಹಾಕೀನಿ."

ಅವರು ಒಂದು ಪೈಸೆ ಮುಟ್ಟಿದವರಲ್ಲ. ಜನ ಕೂಗಿದ ಮಾತು ಅದು. ನಿಜವೆಲ್ಲ ಅಳಿಸಿಹೋಗಿ, ಆ ಸುಳ್ಳೊಂದೇ ಅವರ ತಲೆಯಲ್ಲಿ ಉಳಿದಿತ್ತು. ಅದನ್ನೇ ನಂಬಿ ಬಿಕ್ಕಿ ಬಿಕ್ಕಿ ಅಳುತ್ತಿದ್ದರು.

"ಇಲ್ಲ ಭಾಯಿ, ಇಲ್ಲ," ಎಂದು ಅವನೂ ಅತ್ತ. "ನೀವು ಬದಿ ಮರತು ಹಾಕಿದ್ರಿ, ಅಷ್ಟ. ಯಾವ ಕಡಿ ಅಂತ ತಿಳೀಲಿಲ್ಲ ನಿಮಗ."

ಮಾಸ್ಟರ್ ಅಳು ನಿಲ್ಲಿಸಿದರು. ದನಿ ಇಳಿಯಿತು. "ನನಗ ಯಾವ ಕಡಿ ಅಂತ ತಿಳಿಯಂಗಿಲ್ಲೇನು? ಮಾಸ್ಟರ್ ಅದೀನಿ ನಾನು."

ನಾನು ಹೇಳಿದೆ, ಭಾಬಿ ಹೇಳಿದಳು, ವಕೀಲರನ್ನು ಕರೆಸಿ ನಿಯಮವನ್ನೇ ಬಿಡಿಸಿ ಹೇಳಿಸಿದೆವು. ಬಂದವರೆಲ್ಲರ ಕೈ ಹಿಡಿದು ಮಾಫಿ ಕೇಳುವುದನ್ನು ಅವರು ಬಿಡಲಿಲ್ಲ. ಹಾಗೇ ಕೇಳುತ್ತ ಕೇಳುತ್ತ ಒಂದು ದಿನ ಹೋದರು.

ಭಾಬಿ ಈಗ ಕುರುಗೋಡಿನಲ್ಲಿ ತಮ್ಮನ ಮನೆಯಲ್ಲಿದ್ದಾಳೆ. ನಿನ್ನೆ ಫೋನ್ ಮಾಡಿ, ಇದನ್ನು ಬರೆಯಲೇ ಎಂದು ಕೇಳಿದೆ. "ಬರಿ ತಂಗೀ. ಇನ್ನ ಅವರ ಕೆಲಸ ಯಾರ್ ಕಸಗೊಳ್ತಾರ," ಎಂದಳು. ಬೆಳಿಗ್ಗೆ ನಾನೂ ವಕೀಲರೂ ಈಗಲೂ ಟಿವಿ ಹಾಕುತ್ತೇವೆ, ಜಗಳ ಮಾತ್ರ ಹತ್ತುವುದಿಲ್ಲ, ತಿರುಗಿ ಬಯ್ಯುವವರು ಬೇಕಲ್ಲ. ಸಿರುಗುಪ್ಪದ ಕಡೆ ಹೋದರೆ ಇವತ್ತಿಗೂ ಜನ ಅವರನ್ನು ಮ್ಯಾಚ್ ಮಾರಿಕೊಂಡ ಮಾಸ್ಟರ್ ಎಂದೇ ನೆನೆಯುತ್ತಾರೆ. ಅವರನ್ನಂತೂ ನಂಬಿಸಲು ನಮ್ಮಿಂದ ಆಗಲಿಲ್ಲ, ಅವರು ಹಾಗೇ ಹೋಗಿಬಿಟ್ಟರು. ನೀವಾದರೂ ನಂಬಿ. ಅವರು ಬೇಕಂತ ಹಾಕಿದ್ದಲ್ಲ.