ನಾಳೆಯ ಮೂರು ಚೌಕ

ಪತ್ರಿಕೆಯ ಒಳಪುಟದಲ್ಲಿ ದಿನಾ ಮೂರು ಚೌಕಗಳ ಒಂದು ನಗೆಚಿತ್ರ ಬರುತ್ತದೆ. ಅದನ್ನು ಬಿಡಿಸುವವನು ನಾನು. ಅದರ ನಾಯಕ ಒಬ್ಬ ಬಸ್ ಕಂಡಕ್ಟರ್: ಮುಂದೆ ಹೊಟ್ಟೆ, ಕಂಕುಳಲ್ಲಿ ಚೀಲ, ಬಾಯಲ್ಲಿ ಸೀಟಿ. ಪುತ್ತೂರಿನಿಂದ ಕಡಬದ ಮೇಲೆ ನೆಟ್ಟಣಕ್ಕೆ ಹೋಗುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿರುವ ನಮ್ಮ ಪಕ್ಕದ ಮನೆಯವರನ್ನು ನೋಡಿಯೇ ಬಿಡಿಸಿದ್ದು. ಅದು ಊರಿಗೆಲ್ಲ ಗೊತ್ತು. ಬಸ್ಸು ಹತ್ತಿದವರು, "ಇವತ್ತು ಪೇಪರಲ್ಲಿ ನಿಮ್ಮದು ಎಂತ ಪಂಚಾತಿಗೆ?" ಎಂದು ಅವರನ್ನೇ ಕೇಳುತ್ತಿದ್ದರು. ಅವರಿಗೂ ಖುಷಿಯೇ. ಚಿತ್ರವನ್ನು ಕತ್ತರಿಸಿ ತಂದು ಡ್ರೈವರ್ ಸೀಟಿನ ಹಿಂದೆ ಅಂಟಿಸುತ್ತಿದ್ದರು. "ಹೊಟ್ಟೆ ಸ್ವಲ್ಪ ಕಮ್ಮಿ ಮಾಡಿ ಮಾರಾಯ್ರೆ, ಮನೆಯವಳು ನಗಾಡ್ತಾಳೆ" ಎನ್ನುವುದೊಂದೇ ಅವರ ದೂರು.

ವಾರದ್ದೆಲ್ಲ ಒಟ್ಟಿಗೇ ಬಿಡಿಸಿ ಕಳಿಸುವುದು ನನ್ನ ಕ್ರಮ. ಸೋಮಾರಿಗೆ ಅದೇ ಸುಖ. ಶುಕ್ರವಾರದ್ದು ಹೀಗಿತ್ತು: ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತಾ ಒಳಗಿನವರಿಗೆ ಬುದ್ಧಿ ಹೇಳುತ್ತಾನೆ, ಬಸ್ಸು ತಿರುಗುತ್ತದೆ, ಬಾಗಿಲು ಖಾಲಿ.

ಗುರುವಾರ ಸಂಜೆ ಕೋಡಿಂಬಾಳದ ತಿರುವಿನಲ್ಲಿ ಅವರು ನಿಜವಾಗಿಯೂ ಬಿದ್ದರು. ತಲೆಗೆ ಪೆಟ್ಟು, ಪ್ರಜ್ಞೆ ಇಲ್ಲ.

ಶುಕ್ರವಾರದ್ದನ್ನು ತಡೆಯಲು ಪತ್ರಿಕೆಗೆ ಫೋನು ಮಾಡಿದೆ. ಒಳಪುಟಗಳು ಮಧ್ಯಾಹ್ನವೇ ಅಚ್ಚಾಗಿದ್ದವು. ಜನ ಉಗಿಯುತ್ತಾರೆ ಎಂದು ಹೆದರಿದ್ದಲ್ಲ, ಉಗಿಯಲಿ. ನಾನು ಬಿಡಿಸಿದ್ದಕ್ಕೇ ಬಿದ್ದರೋ ಏನೋ ಎಂಬ ಹುಚ್ಚು ಹೆದರಿಕೆ. ದೇವರಿಗೆ ಕೈಮುಗಿಯಲಿಕ್ಕೂ ಉದಾಸೀನ ಮಾಡುವ ಮನುಷ್ಯ ನಾನು. ಅಂಥವನಿಗೆ ಅವತ್ತು ಮೇಜಿನ ಮೇಲಿದ್ದ ಪೆನ್ಸಿಲ್ ಮುಟ್ಟಲು ಧೈರ್ಯ ಬರಲಿಲ್ಲ.

ಬೆಳಿಗ್ಗೆ ಪುತ್ತೂರಿನ ಆಸ್ಪತ್ರೆಗೆ ಹೋದೆ. ಐಸಿಯುವಿನ ಹೊರಗಿನ ಬೆಂಚಿನಲ್ಲಿ ಅವರ ಹೆಂಡತಿ ಜಪಮಣಿ ಹಿಡಿದು ಕುಳಿತಿದ್ದರು. ಮಡಿಲಲ್ಲಿ ಅವತ್ತಿನ ಪೇಪರು, ಅದೇ ಪುಟಕ್ಕೆ ಮಡಚಿಕೊಂಡು. ಬೈದರೆ ಸಾಕಿತ್ತು ಅನ್ನಿಸಿತು. ಬೈಯಲಿಲ್ಲ.

"ನಾಳೆವರೆಗೆ ಎಂತದೂ ಹೇಳ್ಲಿಕ್ಕೆ ಆಗುದಿಲ್ಲ ಅಂತ ಡಾಕ್ಟ್ರು ಹೇಳಿದ್ರು" ಎಂದರು. ಪೇಪರಿನ ಮೇಲೆ ಬೆರಳಿಟ್ಟು, ತಗ್ಗಿದ ದನಿಯಲ್ಲಿ ಕೇಳಿದರು: "ಅಣ್ಣ, ಇವ್ರು ಬೀಳುದನ್ನು ನೀವು ಮೊದಲೇ ಬಿಡಿಸಿದ್ದಿರಿ. ನಾಳೆದ್ದೂ ಬಿಡಿಸಿ ಆಗಿರ್ಬೇಕಲ್ಲ? ಅದ್ರಲ್ಲಿ ಇವ್ರು ಇದ್ದಾರಾ?"

"ಇದ್ದಾರೆ" ಎಂದೆ.

ಇರಲಿಲ್ಲ. ಶನಿವಾರದ ಮೂರೂ ಚೌಕಗಳಲ್ಲಿ ಡ್ರೈವರ್ ಒಬ್ಬನೇ ರಸ್ತೆಯುದ್ದಕ್ಕೂ ಅವರನ್ನು ಹುಡುಕುತ್ತಾ ಇದ್ದ. ನಗುವುದಕ್ಕೆಂದು ಬಿಡಿಸಿದ್ದು.

ನೀರು ತರುತ್ತೇನೆ ಎಂದು ಹೇಳಿ ಹೊರಗೆ ಓಡಿದೆ. ಮಧ್ಯಾಹ್ನದೊಳಗೆ ಪುಟ ಅಚ್ಚಿಗೆ ಹೋಗುತ್ತದೆ. ಎದುರಿನ ಅಂಗಡಿಯಲ್ಲಿ ಪೆನ್ನು ಕಾಗದ ಕೊಂಡು, ಆಸ್ಪತ್ರೆಯ ಮೆಟ್ಟಿಲಲ್ಲೇ ಕುಳಿತೆ. ಅವಸರಕ್ಕೆ ಬಸ್ಸು ಸೊಟ್ಟಗಾಯಿತು, ಕಿಟಕಿಗಳು ಒಂದಕ್ಕೊಂದು ಹೊಂದಲಿಲ್ಲ. ಅವರನ್ನು ಬಾಗಿಲಿನ ಹತ್ತಿರ ನಿಲ್ಲಿಸಲು ಭಯವಾಗಿ ನಡುವಿನ ಸೀಟಿನಲ್ಲಿ ಕೂರಿಸಿದೆ, ಮೂರೂ ಚೌಕಗಳಲ್ಲಿ. ಫೋಟೋ ತೆಗೆದು ಕಳಿಸಿದೆ. ಪುಟ ನೋಡಿಕೊಳ್ಳುವ ಹುಡುಗಿ ಕೂಡಲೇ ಫೋನು ಮಾಡಿದಳು.

"ಸರ್, ಇದ್ರಲ್ಲಿ ಜೋಕ್ ಎಲ್ಲಿ ಉಂಟು?"

"ಜೋಕ್ ಇಲ್ಲ" ಎಂದೆ. "ಅವರು ಬಸ್ಸಲ್ಲಿ ಇದ್ದಾರೆ, ಅಷ್ಟೇ. ಹಾಕು ಮಾರಾಯ್ತಿ."